ಐದನೆಯವಳು

ಡಾಕ್ಟರರ ಹೆಂಡತಿಯ ಅಡುಗೆಮನೆಯಲ್ಲಿ, ಸಿಂಕಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಕತ್ತಿನ ಮೇಲೆ ತೊಟ್ಟಿಕ್ಕುವ ನೀರನ್ನು ಒರೆಸಿಕೊಳ್ಳಲೂ ಕೈ ಖಾಲಿಯಿಲ್ಲದೆ ಒದ್ದಾಡುತ್ತಿದ್ದಾಗ ಬಾಯಿಂಜುವಿಗೆ ಆ ದನಿ ಕೇಳಿಸಿತು. ಗರಿಗಳ ಭಾನುವಾರ, ಪೂಜೆ ಮುಗಿದು ಇನ್ನೂ ಊಟವೂ ಆಗಿರಲಿಲ್ಲ. ನೀರಿಗೆ ಭಾನುವಾರ ಗೊತ್ತಿಲ್ಲ ಕಣಯ್ಯ ಎಂದು ಆಕೆ ಚರ್ಚಿನ ಬಾಗಿಲಲ್ಲೇ ಅವನ ತೋಳು ಹಿಡಿದು ಎಳೆದುಕೊಂಡು ಬಂದಿದ್ದಳು. ಈಗ ನೋಡುತ್ತೇನೆ ಎಂದು ಆಕೆ ನಲ್ಲಿಯನ್ನು ಅರ್ಧ ತಿರುಗಿಸಿದಳು, ಅಷ್ಟೇ. ಗೋಡೆಯೊಳಗಿನ ಪೈಪು ಒಮ್ಮೆ ಗಂಟಲು ಸರಿಮಾಡಿಕೊಂಡು, ಆಮೇಲೆ ತೆಳ್ಳಗೆ, ಎತ್ತರದಲ್ಲಿ, ಯಾವಳೋ ಹೆಂಗಸು ತುಟಿ ಮುಚ್ಚಿಕೊಂಡೇ ಗುನುಗಿದ ಹಾಗೆ ಹಾಡತೊಡಗಿತು. ಟಾರ್ಚು ಬಾಯಿಂದ ಜಾರಿ ಎದೆಯ ಮೇಲೆ ಬಿತ್ತು. ಆ ಸ್ವರ ಅವನಿಗೆ ಗೊತ್ತು. ಹೋದ ವಾರ ಇದೇ ಸ್ವರ ಕೇಳಿ ಹಾಡು ಸಂಘದ ಯಜಮಾನ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಿದ್ದ. ಇದೇ ಸ್ವರ ಕೇಳಿ ನಾಲ್ಕು ಜನ ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಅತ್ತಿದ್ದರು. ಅತ್ತವರಲ್ಲಿ ಅವನೂ ಒಬ್ಬ. ಏನಾಗಿದೆ ಎಂದು ಆಕೆ ಮೇಲಿನಿಂದ ಕೇಳಿದಳು. ವಾಷರ್ ಸವೆದಿದೆ, ನೀರು ಇಕ್ಕಟ್ಟಿನಲ್ಲಿ ನುಗ್ಗುವಾಗ ಹೀಗೆ ಕೂಗುತ್ತದೆ ಎಂದು ಅವನು ಹೇಳಿದ. ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು.

ನಮ್ಮ ಊರಿನಲ್ಲಿ ಗಂಡಾಗಿ ಹುಟ್ಟಿದವನಿಗೆ ಎರಡೇ ಆಸೆ: ಒಂದು ಸ್ವಂತ ದೋಣಿ, ಇನ್ನೊಂದು ಈಸ್ಟರಿಗೆ ಮುಂಚಿನ ಪವಿತ್ರ ಸೋಮವಾರ ಬಿಳಿ ನಿಲುವಂಗಿ ತೊಟ್ಟು ಚರ್ಚಿನ ಮೆಟ್ಟಿಲ ಮುಂದೆ ಹಾಡುವ ನಾಲ್ವರಲ್ಲಿ ಒಬ್ಬನಾಗುವುದು. ದೋಣಿಯನ್ನು ಸಾಲ ಮಾಡಿಯಾದರೂ ಕೊಳ್ಳಬಹುದು. ಎರಡನೆಯದಕ್ಕೆ ಯಜಮಾನ ಬೆರಳು ತೋರಿಸಬೇಕು. ಅವನು ಯಾರಿಗೆ ತೋರಿಸಿದ, ಯಾಕೆ ತೋರಿಸಿದ, ಇನ್ಯಾರಿಗೆ ತೋರಿಸಬೇಕಾಗಿತ್ತು ಎಂಬ ವಿಚಾರಣೆ ಮುಂದಿನ ದ್ರಾಕ್ಷಿ ಕೊಯ್ಲಿನವರೆಗೂ ಹೆಂಡದಂಗಡಿಯಲ್ಲಿ ನಡೆಯುತ್ತದೆ. ಹಾಡಿನ ಮೂಲ ರಾಗ ಒಂದೇ, ಅದು ಎಲ್ಲರಿಗೂ ಬರುತ್ತದೆ. ಉಳಿದ ಮೂರು ದನಿಗಳನ್ನು ಯಾರೂ ಯಾರಿಗೂ ಬರೆದುಕೊಟ್ಟಿಲ್ಲ. ಬೇಕರಿಯ ಬುಸ್ತಿಯಾನು ರಾಗ ಎಳೆಯುತ್ತಾನೆ. ಅದರ ಅಡಿಗೆ ದೋಣಿ ಮೆಕ್ಯಾನಿಕ್ ಲಾರೆಂಜು ತನ್ನ ಮಂದ್ರವನ್ನು ಹಾಸುತ್ತಾನೆ. ಎಲ್ಲರ ಮೇಲೆ ಶಾಲೆಯ ಮೇಷ್ಟ್ರು ಎಲಿಯಾಸು ಗಂಟಲು ಹಿಂಡಿ ತೆಗೆದ ತನ್ನ ಕಳ್ಳದನಿಯನ್ನು ಹಾರಿಸುತ್ತಾನೆ. ನಡುವೆ ಉಳಿದ ಸಂದು ಬಾಯಿಂಜುವಿನದು. ನಡುದನಿಯವನಿಗೆ ರಾಗವೂ ಇಲ್ಲ, ಆಳವೂ ಇಲ್ಲ. ಮಂದ್ರದವನ ಉಸಿರಿಗೆ ಕಿವಿಕೊಟ್ಟು, ಅವನು ಬಾಯಿ ಎಷ್ಟು ತೆರೆದ ಎಂದು ನೋಡಿ ತಾನು ಅಷ್ಟೇ ತೆರೆದು, ಅವನ ಸ್ವರಕ್ಕೆ ಒತ್ತಿ ಕೂರುವ ಒಂದು ಸ್ವರವನ್ನು ಆಗಿಂದಾಗ ಹುಡುಕಿಕೊಳ್ಳಬೇಕು. ನಾಲ್ಕೂ ಸರಿಯಾಗಿ ಕೂತವೋ, ಆಗ ಇವರ ತಲೆಗಳ ಮೇಲೆಲ್ಲೋ ಐದನೆಯ ದನಿಯೊಂದು ಏಳುತ್ತದೆ. ಅದಕ್ಕೆ ಬಾಯಿಲ್ಲ. ಹೆಣ್ಣು ದನಿ. ಮಗನನ್ನು ಕಳೆದುಕೊಂಡ ದೇವಮಾತೆ ಬಂದು ಅಳುತ್ತಾಳೆ ಎನ್ನುತ್ತಾರೆ ನಮ್ಮವರು. ನಾಲ್ವರ ಎದೆಯಲ್ಲಿ ಒಬ್ಬರ ಮೇಲೊಬ್ಬರಿಗೆ ಸಾಸಿವೆಯಷ್ಟು ಸಿಟ್ಟಿದ್ದರೂ ಆಕೆ ಬರುವುದಿಲ್ಲ ಎಂಬುದು ಹಿರಿಯರ ಮಾತು. ಹಾಗಾಗಿ ಐದನೆಯವಳು ಬಂದಳು ಎಂದರೆ ಬರೀ ಸ್ವರ ಕೂಡಿತು ಎಂದಷ್ಟೇ ಅಲ್ಲ, ಆ ನಾಲ್ವರು ಒಳ್ಳೆಯವರು ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗೆ. ಹೋದ ವಾರ ಸಂಘದ ಮಂದಿರದಲ್ಲಿ ಆಯ್ಕೆ ನಡೆದ ಸಂಜೆ ಅವಳು ಬಂದಿದ್ದಳು. ಮೀನು ಹರಾಜಿನ ಗಾಂತಿನಿಯ ಗುಂಪು ಮುಖ ಸಪ್ಪಗೆ ಮಾಡಿಕೊಂಡು ಬೆಂಚಿನಿಂದ ಎದ್ದಿತ್ತು. ಎಷ್ಟೋ ವರ್ಷಗಳ ಮೇಲೆ ಯಜಮಾನನ ಬೆರಳು ಬಾಯಿಂಜುವಿನ ಕಡೆ ತಿರುಗಿತ್ತು. ನಾಳೆಯೇ ಸೋಮವಾರ.

ಡಾಕ್ಟರರ ಮನೆಯಿಂದ ಇಳಿದು ಬರುವಾಗ ಅವನಿಗೆ ಚಳಿಗಾಲದ ಆ ಸಂಜೆ ನೆನಪಾಯಿತು. ನೆನಪಾಗುವುದೇನು, ಮರೆತಿದ್ದರೆ ತಾನೇ. ಸಂಘದವರು ತಾಲೀಮು ಮಾಡುವ ಆ ಮಂದಿರದಲ್ಲಿ, ಮೇಲಿನ ಕೋಣೆಯ ನಲ್ಲಿ ಸೋರುತ್ತಿದೆ ಎಂದು ಕರೆದಿದ್ದರು. ದೇವರ ಕೆಲಸ, ಕೂಲಿ ಕೇಳುವ ಹಾಗಿಲ್ಲ. ಅವನೂ ದೇವರ ಕೆಲಸದ ಹಾಗೆಯೇ ಮಾಡಿದ್ದ: ಚೀಲದ ತಳದಲ್ಲಿ ಬಿದ್ದಿದ್ದ ಯಾರದೋ ಮನೆಯಿಂದ ಬಿಚ್ಚಿ ತಂದ ಹಳೆಯ ವಾಷರನ್ನೇ ಉಗುರಿನಿಂದ ಕೆರೆದು ಹಾಕಿದ್ದ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ತನಗೆ ತಾನೇ ಹೇಳಿಕೊಂಡು ನಕ್ಕಿದ್ದ. ಈಗ ನಗು ಬರಲಿಲ್ಲ. ಪೂಜೆ ಮುಗಿಸಿ ಹೊರಟ ಜನ ಇನ್ನೂ ಬೀದಿಯಲ್ಲಿದ್ದರು, ಕೈಯಲ್ಲಿ ಆಲಿವ್ ರೆಂಬೆ, ಒಬ್ಬೊಬ್ಬರೂ ಅವನ ಬೆನ್ನು ತಟ್ಟುವವರೇ. ನಾಳೆ ಅವಳನ್ನು ಕರ್ಕೊಂಡೇ ಬರಬೇಕು ನೋಡು ಎಂದರು ಒಬ್ಬರು. ಕರೆದುಕೊಂಡು ಬರಲು ಅವಳೇನು ನಾದಿನಿಯೇ ಎಂದು ಬಾಯಿಂಜು ಅಂದುಕೊಂಡ. ಚರ್ಚಿನ ಮೆಟ್ಟಿಲ ಮುಂದೆ ಪೈಪಿಲ್ಲ. ಇರುವ ಒಂದೇ ನಲ್ಲಿ ಕುದುರೆಗಳಿಗೆ ನೀರು ಕುಡಿಸುತ್ತಿದ್ದ ಕಾಲದ್ದು, ಅದರಲ್ಲಿ ನೀರು ಬರುವುದು ಅವನ ಅಜ್ಜನ ಕಾಲಕ್ಕೇ ನಿಂತಿತ್ತು. ನಾಳೆ ಆ ಸಮುದ್ರದ ಗಾಳಿಯಲ್ಲಿ, ಊರೆಲ್ಲ ಮುಗಿಲಿಗೆ ಮುಖ ಮಾಡಿ ಕಾಯುತ್ತಿರುವಾಗ ನಾಲ್ಕು ದನಿಗೆ ನಾಲ್ಕೇ ದನಿ ಕೇಳಿದರೆ? ಗಾಂತಿನಿ ಏನೂ ಹೇಳುವುದಿಲ್ಲ. ಒಂದು ಸಲ ಕೆಮ್ಮುತ್ತಾನೆ, ಅಷ್ಟೇ ಸಾಕು.

ಮಂದಿರದ ಮೇಲಿನ ಕೋಣೆಯಲ್ಲಿ ಕಾವಲಿಗಿರುವ ಪೆಪ್ಪಾ ಚಿಕ್ಕಮ್ಮ ಊರಿಗೆಲ್ಲ ಚಿಕ್ಕಮ್ಮ. ಬಾಯಿಂಜು ಹೋದಾಗ ಅವಳು ಕಾಡು ಸಬ್ಬಸಿಗೆ ಬಿಡಿಸುತ್ತ ಕೂತಿದ್ದಳು. ನಲ್ಲಿ ಸರಿಯಿದೆಯಾ ಎಂದು ಅವನು ಏನೂ ಅರಿಯದವನ ಹಾಗೆ ಕೇಳಿದ. ಅವಳು ಎದ್ದು ಹೋಗಿ ನಲ್ಲಿ ತಿರುಗಿಸಿದಳು. ದೇವಮಾತೆ ಹಾಡಿದಳು. ಡಾಕ್ಟರರ ಮನೆಯ ನಲ್ಲಿಗಿಂತ ಇವಳದು ಇನ್ನೂ ಶುದ್ಧವಾಗಿತ್ತು, ಬುಸ್ತಿಯಾನು ಎಳೆಯುವ ರಾಗಕ್ಕೆ ಹೇಳಿ ಮಾಡಿಸಿದ ಸ್ವರ. ಬಾಯಿಂಜು ಅಲ್ಲಿದ್ದ ಸ್ಟೂಲಿನ ಮೇಲೆ ಕೂತ. ಆಯ್ಕೆಯ ಸಂಜೆ ಚಿಕ್ಕಮ್ಮ ಏನು ಮಾಡುತ್ತಿದ್ದಳು ಎಂದು ಕೇಳುವುದು ಬಾಕಿಯಿತ್ತು. ಸೊಪ್ಪು ತೊಳೆಯುತ್ತಿದ್ದಳಂತೆ.

"ಹಂಗಾದ್ರೆ ನಿನಗೆ ಗೊತ್ತಿತ್ತು," ಅಂದ ಬಾಯಿಂಜು.

"ಗೊತ್ತಿಲ್ದೆ ಏನು? ನಲ್ಲಿ ಹಂಗೇ ಬಿಟ್ಟು ಬಂದು ಮೆಟ್ಟಿಲ ಸಂದೀಲಿ ನಿಂತು ನೋಡ್ದೆ. ನಾಲ್ಕು ಜನ ಕತ್ತೆವಯಸ್ಸಿನ ಗಂಡಸರು ನನ್ನ ಸೊಪ್ಪು ತೊಳೆದ ನೀರಿಗೆ ಅಳ್ತಾ ನಿಂತಿದ್ರಲ್ಲ, ನಾನ್ಯಾಕೆ ಬಾಯಿ ಬಿಡ್ಲಿ ಮಗ? ನನ್ನ ಗಂಡ ಸತ್ತಾಗಲೂ ಈ ಊರಿನ ಗಂಡಸರು ಇಷ್ಟು ಅತ್ತಿರಲಿಲ್ಲ."

ಬಾಯಿಂಜು ಜೇಬಿನಿಂದ ಹೊಸ ವಾಷರ್ ತೆಗೆದ. ಅವಳು ಅವನ ಕೈ ಮೇಲೆ ಪಟ್ಟನೆ ಹೊಡೆದಳು. ಅದನ್ನು ಮುಟ್ಟಬೇಡ, ಚಳಿಗಾಲವಿಡೀ ನನಗೆ ಮಾತಿಗೆ ಜೊತೆಯಾದವಳು ಇವಳೊಬ್ಬಳೇ ಎಂದಳು. ಅವನಿಗೆ ಒತ್ತಾಯ ಮಾಡುವ ಮನಸ್ಸೂ ಇರಲಿಲ್ಲ. ವಾಷರ್ ಜೇಬಿಗೆ ಹೋಯಿತು. ಯಜಮಾನನ ಹತ್ತಿರ ಹೋಗಿ ಇದ್ದದ್ದನ್ನು ಹೇಳಿಬಿಟ್ಟರೆ ಅವನು ನಿಟ್ಟುಸಿರು ಬಿಟ್ಟು ಗಾಂತಿನಿಯನ್ನು ಕರೆಸುತ್ತಾನೆ. ಅಲ್ಲಿಗೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ಬಿಳಿ ನಿಲುವಂಗಿ ಇಲ್ಲ. ಸತ್ತಾಗ ಹೊದಿಸುತ್ತಾರಲ್ಲ, ಅದು ಲೆಕ್ಕಕ್ಕಿಲ್ಲ. ಉಳಿದ ಮೂವರಿಗೆ ಹೇಳಿದರೆ ಅವರ ಧೈರ್ಯ ಹೋಗುತ್ತದೆ. ಯಾರಿಗೂ ಹೇಳದಿದ್ದರೆ ತನ್ನ ಧೈರ್ಯ ಹೋಗುತ್ತದೆ. ಮನೆಗೆ ಹೋಗಿ ಊಟಕ್ಕೆ ಕೂತ. ತೆಳು ರೊಟ್ಟಿ ಮುರಿಯುವ ಸದ್ದು ಕೂಡ ಅವತ್ತು ಜಾಸ್ತಿ ಕೇಳಿಸುತ್ತಿತ್ತು. ಎದುರಿಗೆ ಕೂತ ಮಿಕ್ಕೆಲಾ ಅವನ ಮುಖವನ್ನೇ ನೋಡುತ್ತಿದ್ದಳು.

ಅವಳು ಲಾರೆಂಜುವಿನ ತಂಗಿ. ಮಂದ್ರದವರ ಮನೆಯ ಹುಡುಗಿಯಾಗಿ ಹುಟ್ಟಿ, ನಡುದನಿಯವನ ಹೆಂಡತಿಯಾಗಿ, ಹುಟ್ಟಿದಾಗಿನಿಂದ ಈ ಹಾಡನ್ನೇ ಕೇಳುತ್ತ ಬೆಳೆದವಳು. ಆದರೂ ಐದನೆಯವಳು ಅವಳಿಗೆ ಒಂದು ಸಲವೂ ಕೇಳಿಸಿರಲಿಲ್ಲ. ಉಳಿದ ಹೆಂಗಸರು ಕೇಳಿಸದಿದ್ದರೂ ಕಣ್ಣು ಒರೆಸಿಕೊಳ್ಳುತ್ತಾರೆ ಎಂಬುದು ಅವಳ ಗುಮಾನಿ. ಇವಳು ಅದನ್ನೂ ಮಾಡುವವಳಲ್ಲ. ನಾಲ್ಕು ಗಂಡಸರು ಕಾಣ್ತಾರೆ, ನಾಲ್ಕು ಗಂಡಸರು ಕೇಳ್ತಾರೆ, ಅದರಲ್ಲಿ ಒಬ್ಬನ ಸ್ವರ ಕೆಳಗೆ ಜಾರಿದೆ ಎನ್ನುವಳು. ಜಾರಿದ್ದು ಯಾರದು ಎಂದು ಕೇಳುವ ಧೈರ್ಯ ಬಾಯಿಂಜುವಿಗೆ ಬಂದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನು ತಾಲೀಮಿಗೆಂದು ಸಂಜೆ ಸಂಜೆ ಹೊರಟಾಗ ಅವಳು ಬಾಗಿಲಲ್ಲಿ ನಿಂತು, ದಿನಾ ಹೋಗಿ ಅವಳ ಜೊತೆ ಕೂತು ಬರ್ತೀಯಲ್ಲ, ಒಂದು ದಿನ ನಮ್ಮನೆಗೂ ಊಟಕ್ಕೆ ಕರ್ಕೊಂಡು ಬಾ, ನಾನೂ ನೋಡ್ತೀನಿ ಯಾವ ಥರದವಳು ಅಂತ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ್ದಳು. ಅಂದಿನಿಂದ ಇದು ಮನೆಯ ಮಾತಾಯಿತು. ಸಾರು ಸೀದರೆ ಐದನೆಯವಳು ಸೀಸಿದ್ದು, ಅಂಗಿ ಹರಿದರೆ ಐದನೆಯವಳ ಹತ್ತಿರ ಹೊಲಿಸಿಕೋ. ಅವನೂ ನಗುತ್ತಿದ್ದ. ಆದರೆ ತನ್ನ ಹೆಂಡತಿಯ ಕಿವಿಗೆ ಬೀಳದ ಒಂದು ದನಿಗಾಗಿ ತಾನು ಇಷ್ಟು ವರ್ಷ ಉಸಿರು ಹಿಡಿದೆನೇ ಎಂಬ ಮುಳ್ಳು ಒಳಗೆ ಇದ್ದೇ ಇತ್ತು. ಅವಳಿಗೊಂದು ಸಲ ಕೇಳಿಸಬೇಕು. ಯಜಮಾನನ ಬೆರಳಿಗಿಂತ ಅವನಿಗೆ ಬೇಕಾಗಿದ್ದದ್ದು ಅದು. ಇವತ್ತು ಯಾಕೋ ಅವಳೂ ಹೆಚ್ಚು ತಮಾಷೆ ಮಾಡಲಿಲ್ಲ. ನಿನ್ನ ಮುಖ ಯಾಕೆ ಹೀಗಿದೆ, ಅವಳೇನಾದರೂ ಕೈ ಕೊಟ್ಟಳಾ ಎಂದಷ್ಟೇ ಕೇಳಿ ಅವನ ತಟ್ಟೆಗೆ ಇನ್ನೊಂದು ತುಂಡು ಗಿಣ್ಣು ಹಾಕಿದಳು.

ಸಂಜೆ ಕೊನೆಯ ತಾಲೀಮು. ಬಾಯಿಂಜು ಉಳಿದವರಿಗಿಂತ ಮೊದಲೇ ಹೋಗಿ, ನಿಲುವಂಗಿಗಳು ನೇತಾಡುವ ಕಪಾಟಿನ ಹಿಂದಿದ್ದ ಮುಖ್ಯ ವಾಲ್ವನ್ನು ತಿರುಗಿಸಿ ಇಡೀ ಕಟ್ಟಡದ ನೀರು ನಿಲ್ಲಿಸಿದ. ಇದರಲ್ಲಿ ಮೋಸವಿರಲಿಲ್ಲ. ನೀರಿಲ್ಲದೆ ಅವಳು ಬರುತ್ತಾಳೋ ಇಲ್ಲವೋ ಎಂದು ಒಂದು ಸಲ ನೋಡೋಣ ಎಂಬ ಪ್ರಾಮಾಣಿಕತೆಯೇ ಅದು. ಬಹುಶಃ ಜೀವನದಲ್ಲಿ ಅವನು ಮಾಡಿದ ಅತ್ಯಂತ ಪ್ರಾಮಾಣಿಕ ಪ್ಲಂಬಿಂಗ್ ಕೆಲಸ. ಮೂವರೂ ಬಂದರು. ತಲೆಗೆ ತಲೆ ತಾಗುವಷ್ಟು ಹತ್ತಿರ ಗುಂಡಗೆ ನಿಂತರು, ಒಬ್ಬರ ಬಾಯಿ ಇನ್ನೊಬ್ಬರಿಗೆ ಕಾಣಬೇಕು. ಬುಸ್ತಿಯಾನು ರಾಗ ಎಳೆದ. ಮೂವರೂ ಸೇರಿದರು. ಲಾರೆಂಜುವಿನ ಮಂದ್ರ ಅವನ ಬೂಟಿನ ಕೆಳಗಿನ ಹಲಗೆಯನ್ನು ನಡುಗಿಸಿತು. ಬಾಯಿಂಜು ತನ್ನ ಸ್ವರ ಹುಡುಕಿದ, ಸಿಕ್ಕಿತು ಎನಿಸಿತು, ಒತ್ತಿ ಕೂತ. ಮೇಲೆ ಏನೂ ಇಲ್ಲ. ಸ್ವಲ್ಪ ಅಗಲಿಸಿದ, ಇಲ್ಲ. ತುಟಿ ಮುಂದೆ ಮಾಡಿದ, ಇಲ್ಲ. ನಾಲ್ಕು ಜನ, ನಾಲ್ಕು ದನಿ, ಮಿಕ್ಕೆಲಾ ಹೇಳಿದ ಲೆಕ್ಕ ಸರಿಯಾಗಿತ್ತು. ಹಾಡು ಮುಗಿಯಿತು. ಅವಳು ಬರಲಿಲ್ಲ ಎಂದು ಎಲಿಯಾಸು ಮೇಷ್ಟ್ರು ಹಾಜರಿ ಕರೆದವನ ಹಾಗೆ ಹೇಳಿದ.

ಹೀಗಾದಾಗ ಏನು ಮಾಡಬೇಕೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎದೆಯಲ್ಲಿರುವ ಕಲ್ಲನ್ನು ಅಲ್ಲೇ, ಆಗಲೇ ತೆಗೆದು ನಡುವೆ ಇಡಬೇಕು. ಬುಸ್ತಿಯಾನು ಮೊದಲು ಬಾಯಿ ಬಿಟ್ಟ. ಎಲಿಯಾಸುವಿನ ಕಳ್ಳದನಿ ಕೇಳಿದರೆ ಆಡಿಗೆ ಲಾಳ ಹೊಡೆದ ಹಾಗಿರುತ್ತದೆ ಎಂದು ತಾನು ಬೇಕರಿಯಲ್ಲಿ ಹೇಳಿದ್ದು ನಿಜ ಎಂದ. ಅದು ನನಗೆ ಗೊತ್ತು, ಅದಕ್ಕೇ ನಿನ್ನ ಮಗನನ್ನು ಗಣಿತದಲ್ಲಿ ಎರಡು ಸಲ ಫೇಲು ಮಾಡಿ ಕೂರಿಸಿದೆ ಎಂದ ಮೇಷ್ಟ್ರು. ಇಬ್ಬರೂ ಕೈ ಕುಲುಕಿದರು, ಸ್ವಲ್ಪ ಜೋರಾಗಿಯೇ ಕುಲುಕಿದರು. ಆಮೇಲೆ ಎಲ್ಲರೂ ಬಾಯಿಂಜುವಿನ ಕಡೆ ನೋಡಿದರು. ಅವನು ಲಾರೆಂಜುವಿನ ಕಡೆ ನೋಡಿದ. ಅವನ ಕಲ್ಲು ಎಂದರೆ ಅದೊಂದೇ, ಮತ್ತು ಅದು ದೊಡ್ಡದು. ಹಿಂದೆ ಒಂದು ಸೋಮವಾರ, ಹಾಡು ಮುಗಿದು ಎಲ್ಲರೂ ಹೆಂಡದಂಗಡಿಯಲ್ಲಿದ್ದಾಗ, ಲಾರೆಂಜು ಗ್ಲಾಸು ಎತ್ತಿ ಹೇಳಿದ್ದ: ನಮ್ಮ ಭಾವನ ದನಿ ಪಾತ್ರೆಯ ಮುಚ್ಚಳ ಇದ್ದ ಹಾಗೆ, ಯಾವ ಪಾತ್ರೆಗೆ ಬೇಕಾದರೂ ಕೂರುತ್ತದೆ, ಅದಕ್ಕೆ ಸ್ವಂತ ಪಾತ್ರೆ ಇಲ್ಲ. ಅಂಗಡಿಗೆ ಅಂಗಡಿಯೇ ನಕ್ಕಿತ್ತು. ಬಾಯಿಂಜುವೂ ನಕ್ಕಿದ್ದ, ಎಲ್ಲರಿಗಿಂತ ಜೋರಾಗಿ. ಅದಾದ ಮೇಲೂ ಹಬ್ಬದ ಊಟಕ್ಕೆ ಅವರ ಮನೆಗೆ ಇವನು, ಇವನ ಮನೆಗೆ ಅವರು ಬರುವುದು ಹೋಗುವುದು ನಿಂತಿರಲಿಲ್ಲ. ಆದರೆ ಹಾಡುವಾಗ ಅವನು ಲಾರೆಂಜುವಿನ ಬಾಯಿಯನ್ನು ನೋಡುತ್ತಿದ್ದನೇ ಹೊರತು ದನಿಯನ್ನು ಕೇಳುತ್ತಿರಲಿಲ್ಲ. ಈಗ ಲಾರೆಂಜುವಿನ ದೊಡ್ಡ ಮುಖದಲ್ಲಿ ಹುಡುಕಿದ. ಅಲ್ಲಿ ಏನೂ ಇರಲಿಲ್ಲ. ಆ ಮನುಷ್ಯನಿಗೆ ನೆನಪೇ ಇಲ್ಲ. ತಾನು ಇಷ್ಟು ವರ್ಷ ತೊಳೆದು ಒರೆಸಿ ಕಾಪಾಡಿಕೊಂಡು ಬಂದ ಅವಮಾನ ಅವನಿಗೆ ಮರುದಿನವೇ ಇಳಿದುಹೋದ ಅಮಲು. ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ ಎನಿಸಿತು. ಏನೂ ಇಲ್ಲಪ್ಪ, ನನ್ನ ಗಂಟಲು ಒಣಗಿದೆ, ನೀರು ಕುಡಿದು ಬರುತ್ತೇನೆ ಎಂದು ಹೇಳಿ ಕಪಾಟಿನ ಹಿಂದೆ ಹೋದ.

ವಾಲ್ವಿನ ಮೇಲೆ ಕೈಯಿಟ್ಟಾಗ ಅವನು ಏನು ಯೋಚಿಸಿದ ಎಂದು ಕೇಳಿದರೆ, ಏನೂ ಯೋಚಿಸಲಿಲ್ಲ. ಕಳ್ಳತನ ಮಾಡುವವನ ಕೈ ಅವನಿಗಿಂತ ಚುರುಕು. ಮೇಲೆ ಪೆಪ್ಪಾ ಚಿಕ್ಕಮ್ಮ ನೀರು ನಿಂತಾಗ ನಲ್ಲಿಯನ್ನು ಬಿಟ್ಟೇ ಇಟ್ಟು ಶಪಿಸುತ್ತ ಕೂತಿರುತ್ತಾಳೆಂಬುದು ಕೈಗೆ ಗೊತ್ತಿತ್ತು. ವಾಲ್ವು ಬಿಚ್ಚಿ ಬಂದು ನಿಂತ. ಬುಸ್ತಿಯಾನು ಮತ್ತೆ ಎಳೆದ. ಮೂವರು ಸೇರಿದರು. ಎರಡನೆಯ ಸಾಲಿನ ಹೊತ್ತಿಗೆ ಗೋಡೆಯೊಳಗೆ ಗಾಳಿ ತಳ್ಳಿಕೊಂಡು ನೀರು ಬಂತು, ಗಂಟಲು ಸರಿಮಾಡಿಕೊಂಡಿತು, ಅವಳು ಬಂದಳು. ಎಲಿಯಾಸು ಕಣ್ಣು ಮುಚ್ಚಿದ. ಬುಸ್ತಿಯಾನು ಹಿಟ್ಟು ಮೆತ್ತಿದ ಕೈಯಿಂದ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ನೀರು ಬಂದ ಖುಷಿಗೆ ಚಿಕ್ಕಮ್ಮ ಪೊರಕೆ ಹಿಡಿಯಿಂದ ನೆಲವನ್ನು ಮೂರು ಸಲ ಕುಟ್ಟಿದಳು. ಮೇಲಿನ ಮುದುಕಿಗೂ ಕೇಳಿಸಿತು ನೋಡಿ ಎಂದು ಹಾಡು ಮುಗಿದ ಮೇಲೆ ಬುಸ್ತಿಯಾನು ಪಿಸುಗುಟ್ಟಿದ. ಲಾರೆಂಜು ಬಂದು ಬಾಯಿಂಜುವನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು, ಗ್ರೀಸ್ ವಾಸನೆಯ ಆ ದೊಡ್ಡ ಎದೆಗೆ ಒತ್ತಿಕೊಂಡು, ಬಿಕ್ಕಿ ಬಿಕ್ಕಿ ಅತ್ತ. ಬಾಯಿಂಜುವಿನ ಕೆನ್ನೆ ಒದ್ದೆಯಾಯಿತು. ಅವನಿಗೆ ಅಲ್ಲೇ ನೆಲ ಬಿರಿದು ಬಾಯಿ ಬಿಡಬಾರದೇ ಎನಿಸಿತು, ಅದೇ ಹೊತ್ತಿಗೆ ಬಾಯಿಯ ಮೂಲೆಯಲ್ಲಿ ನಗುವೊಂದು ತುರಿಸತೊಡಗಿತು. ಎರಡನ್ನೂ ನುಂಗಿಕೊಂಡ.

ಸೋಮವಾರ ಗಾಳಿ ಜೋರಾಗಿತ್ತು. ಕಡಲ ಕಡೆಯಿಂದ ಬೀಸಿ ಬಂದು ಬಿಳಿ ನಿಲುವಂಗಿಗಳನ್ನು ಮೊಣಕಾಲಿಗೆ ಸುತ್ತುತ್ತಿತ್ತು. ಮೆರವಣಿಗೆ ಬೀದಿ ಬೀದಿ ಹತ್ತಿ ಇಳಿದು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಚರ್ಚಿನ ಮೆಟ್ಟಿಲ ಮುಂದೆ ಬಂದು ನಿಂತಿತು. ಊರಿಗೆ ಊರೇ ಅಲ್ಲಿತ್ತು. ಗಾಂತಿನಿ ಮುಂದಿನ ಸಾಲಿನಲ್ಲೇ ನಿಂತು ಕೈ ಕಟ್ಟಿಕೊಂಡಿದ್ದ, ಕೆಮ್ಮಲು ಸಿದ್ಧನಾಗಿ. ಮಿಕ್ಕೆಲಾ ಬಾವಿಯ ಕಟ್ಟೆಯ ಹತ್ತಿರ, ಕಪ್ಪು ಶಾಲು ಹೊದ್ದು, ಎಂದಿನ ಹಾಗೆ ನೇರವಾಗಿ ನೋಡುತ್ತ ನಿಂತಿದ್ದಳು. ಬಾಯಿಂಜು ನಿಲುವಂಗಿಯ ಒಳಗೆ ಕೈ ಹಾಕಿ ಜೇಬಿನಲ್ಲಿದ್ದ ಹೊಸ ವಾಷರನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಬೇರೆಯವರ ಕೈಯಲ್ಲಿ ಜಪಮಾಲೆ ಇತ್ತು. ನಾಲ್ವರೂ ಗುಂಡಗೆ ನಿಂತು ತಲೆ ತಗ್ಗಿಸಿದರು. ಅವನಿಗೆ ಓಡಿಹೋಗಬೇಕು ಎನಿಸಿತು. ಓಡಿದರೆ ಈ ನಿಲುವಂಗಿಯಲ್ಲಿ ಎಡವಿ ಬೀಳುತ್ತೇನೆ, ಅದಕ್ಕೂ ಜನ ನಗುತ್ತಾರೆ ಎಂದು ನಿಂತ. ಬುಸ್ತಿಯಾನು ಉಸಿರು ತುಂಬಿಕೊಳ್ಳುತ್ತಿರುವಾಗ ಲಾರೆಂಜು ಅವನ ಕಿವಿಯ ಹತ್ತಿರ ಬಗ್ಗಿದ.

"ರಾತ್ರಿ ನೆನಪಾಯ್ತು ಕಣೋ. ಆ ಮುಚ್ಚಳದ ಮಾತು. ನಾನೊಬ್ಬ ಕತ್ತೆ. ಮನಸ್ಸಿಂದ ತೆಗೆದುಬಿಡು."

ಬುಸ್ತಿಯಾನು ಹಾಡು ಎತ್ತಿಬಿಟ್ಟ. ಕರುಣೆ ಬೇಡುವ ಆ ಹಳೆಯ ಕೀರ್ತನೆಯ ಮೊದಲ ಸಾಲು ಅವನೊಬ್ಬನದೇ. ಅದು ಮುಗಿಯುವವರೆಗೆ ಉಳಿದ ಮೂವರು ಕಾಯಬೇಕು. ಆ ಒಂದು ಸಾಲಿನಷ್ಟು ಸಮಯ ಬಾಯಿಂಜುವಿಗೆ ಸಿಕ್ಕಿತು. ಕ್ಷಮಿಸಿದ್ದೇನೆ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಇಷ್ಟು ವರ್ಷ ಕಾದ ಮಾತು ಇಷ್ಟು ಸಲೀಸಾಗಿ, ಇಷ್ಟು ತಡವಾಗಿ, ಇಷ್ಟು ಬೆಚ್ಚಗೆ ಕಿವಿಗೆ ಬಿದ್ದಾಗ ಅವನ ಎದೆಯಲ್ಲಿ ಕಲ್ಲು ಹಿಡಿದುಕೊಳ್ಳಲು ಜಾಗವೇ ಉಳಿಯಲಿಲ್ಲ. ಅದರ ಹಿಂದೆ ಅಡಗಿದ್ದ ಇನ್ನೊಂದೂ ಉರುಳಿ ಬಂತು.

"ಭಾವ, ನಿನ್ನೆ ಬಂದವಳು ದೇವಮಾತೆ ಅಲ್ಲ. ಪೆಪ್ಪಾ ಚಿಕ್ಕಮ್ಮನ ನಲ್ಲಿ. ನಾನೇ ಹಾಕಿದ ಹಳೇ ವಾಷರ್ರು."

ಲಾರೆಂಜುವಿನ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಗಾಯಿತು. ಕಣ್ಣುಗಳು ದೊಡ್ಡವಾದವು. ಆಮೇಲೆ ಅವನ ಹೊಟ್ಟೆ ಕುಣಿಯತೊಡಗಿದ್ದನ್ನು ಬಾಯಿಂಜು ನಿಲುವಂಗಿಯ ಮೇಲಿಂದಲೇ ಕಂಡ. ಪಕ್ಕದಲ್ಲಿದ್ದ ಎಲಿಯಾಸುವಿಗೂ ಕೇಳಿಸಿತ್ತು. ಮೇಷ್ಟ್ರ ಮೂಗಿನ ಹೊಳ್ಳೆಗಳು ಅಗಲವಾದವು. ಬುಸ್ತಿಯಾನುವಿನ ಸಾಲು ಮುಗಿಯಿತು. ಮೂವರೂ ಸೇರಲೇಬೇಕು. ನಕ್ಕರೆ ಸತ್ತರು, ಊರಿನ ಚರಿತ್ರೆಯಲ್ಲೇ ಪವಿತ್ರ ಸೋಮವಾರ ನಕ್ಕವರು ಎಂದು ಮೊಮ್ಮಕ್ಕಳ ಕಾಲಕ್ಕೂ ಹೆಸರಾಗುತ್ತದೆ. ಲಾರೆಂಜು ಆ ನಗುವನ್ನೆಲ್ಲ ಹೊಟ್ಟೆಯ ತಳಕ್ಕೆ ತಳ್ಳಿ ಅದರ ಮೇಲೆ ತನ್ನ ಮಂದ್ರವನ್ನು ಇಟ್ಟ. ಅಂಥ ಮಂದ್ರ ಅವನ ಬಾಯಿಂದ ಹಿಂದೆ ಬಂದಿರಲಿಲ್ಲ. ಅದರೊಳಗೆ ಏನೋ ಮಿಡಿಯುತ್ತಿತ್ತು. ಎಲಿಯಾಸು ತುಟಿ ಬಿಗಿಹಿಡಿದು ಎಷ್ಟು ಬೇಕೋ ಅಷ್ಟೇ ದನಿ ಬಿಟ್ಟ, ಒಂದಿಷ್ಟು ಜಾಸ್ತಿ ಬಿಟ್ಟಿದ್ದರೂ ನಗು ಹೊರಗೆ. ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದ ಬುಸ್ತಿಯಾನು ಕೂಡ ಈ ಮೂರು ಮುಖಗಳನ್ನು ನೋಡಿ, ಕಾರಣವಿಲ್ಲದೆಯೇ, ಬೇಕರಿ ಒಲೆಯ ಹಾಗೆ ಕಾದು ಕೆಂಪಾದ. ಬಾಯಿಂಜುವಿನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವನು ಈಗ ಲಾರೆಂಜುವಿನ ಬಾಯಿಯನ್ನು ನೋಡುತ್ತಿರಲಿಲ್ಲ. ಕೇಳುತ್ತಿದ್ದ. ಆ ನಡುಗುವ ದನಿಯ ಅಂಚು ಎಲ್ಲಿದೆ, ಅದು ಎಲ್ಲಿ ಇನ್ನೇನು ಒಡೆಯುತ್ತದೆ ಎಂದು ತನ್ನ ಪಕ್ಕೆಲುಬಿನಲ್ಲೇ ಗೊತ್ತಾಗುತ್ತಿತ್ತು. ಅದು ಒಡೆಯದ ಹಾಗೆ ತನ್ನ ದನಿಯನ್ನು ಅದಕ್ಕೆ ಕೊಟ್ಟು ನಿಂತ. ಮುಚ್ಚಳವೆಂದರೆ ಮುಚ್ಚಳ. ಉಕ್ಕುವ ಪಾತ್ರೆಯ ಮೇಲೆ ಅದಿರಬೇಕು.

ಸುತ್ತ ಜನ ಈ ನಾಲ್ವರ ಕಣ್ಣೀರನ್ನು, ನಡುಗುವ ಹೆಗಲುಗಳನ್ನು ನೋಡಿ ಒಬ್ಬೊಬ್ಬರೇ ಅಳತೊಡಗಿದ್ದರು. ಅವಳು ಬಂದಳೋ ಇಲ್ಲವೋ ಬಾಯಿಂಜುವಿಗೆ ತಿಳಿಯಲಿಲ್ಲ. ತಿಳಿಯುವ ಹಾಗೂ ಇರಲಿಲ್ಲ. ಮೇಲಕ್ಕೆ ಕಿವಿ ತಿರುಗಿಸಿದರೆ ಲಾರೆಂಜು ಕೈ ತಪ್ಪುತ್ತಾನೆ. ಕೊನೆಯ ಸಾಲಿನಲ್ಲಿ ಮಾತ್ರ ಒಂದು ಕ್ಷಣ ಕಣ್ಣೆತ್ತಿ ಬಾವಿ ಕಟ್ಟೆಯ ಕಡೆ ನೋಡಿದ. ಮಿಕ್ಕೆಲಾ ಅವನನ್ನು ನೋಡುತ್ತಿರಲಿಲ್ಲ. ಅವಳು ಕತ್ತು ಎತ್ತಿ, ಬಾಯಿ ಸ್ವಲ್ಪ ತೆರೆದು, ಅವರ ತಲೆಗಳ ಮೇಲೆ, ಚರ್ಚಿನ ಬಾಗಿಲ ಮೇಲೆ, ಗಂಟೆಯ ಗೂಡಿನಲ್ಲಿ, ಯಾರನ್ನೋ ಹುಡುಕುತ್ತಿದ್ದಳು. ಹಿಂದೆ ತಿರುಗಿ ಕೂಡ ನೋಡಿದಳು. ಆಮೇಲೆ ಶಾಲನ್ನು ತಲೆಯ ಮೇಲೆ ಎಳೆದುಕೊಂಡಳು.

ಹಾಡು ಮುಗಿದಾಗ ಗಾಂತಿನಿ ಕೆಮ್ಮಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಯಜಮಾನ ಬಂದು ನಾಲ್ವರ ಹಣೆಗೂ ಮುತ್ತಿಟ್ಟ. ಲಾರೆಂಜು ನಿಲುವಂಗಿಯ ತೋಳಿನೊಳಗೆ ಕೈ ತೂರಿಸಿ ಬಾಯಿಂಜುವಿನ ಪಕ್ಕೆಯನ್ನು ರಕ್ತ ಕಟ್ಟುವ ಹಾಗೆ ಚಿವುಟಿ, ನಿನ್ನ ವಾಷರಿಗೆ ನಾನು ಅತ್ತೆನಲ್ಲೋ ನಾಯಿ ಎಂದು ಹಲ್ಲು ಕಚ್ಚಿ ಹೇಳಿದ. ಮನೆಗೆ ಬರುವವರೆಗೂ ಬೀದಿಯಲ್ಲಿ ಜನ ಬಾಯಿಂಜುವಿನ ಕೈ ಮುಟ್ಟಿ ಹಣೆಗೆ ಒತ್ತಿಕೊಂಡರು. ಅವನು ಬಾಯಿ ಬಿಗಿದುಕೊಂಡೇ ನಡೆದ. ಒಳಗೆ ತಳ್ಳಿದ ನಗು ಇನ್ನೂ ಅಲ್ಲೇ, ಪಕ್ಕೆಯ ಕೆಳಗೆ, ಬಿಸಿಯಾಗಿ ಕೂತಿತ್ತು.

ಮಿಕ್ಕೆಲಾ ಅವನಿಗಿಂತ ಮುಂಚೆ ಬಂದು ಒಲೆ ಹಚ್ಚಿದ್ದಳು. ಕಡಲೆ ಸಾರು ಕುದಿಯುತ್ತಿತ್ತು. ಅವನು ನಿಲುವಂಗಿ ಬಿಚ್ಚಿ ಕುರ್ಚಿಗೆ ಹಾಕಿ ಕೂತ. ಅವಳು ಬೆನ್ನು ತಿರುಗಿಸಿಕೊಂಡೇ ಬಹಳ ಹೊತ್ತು ಸೌಟು ಆಡಿಸಿದಳು. ತಮಾಷೆಯ ಮಾತು ಬರುತ್ತದೆ ಎಂದು ಅವನು ಕಾದ. ಬರಲಿಲ್ಲ.

"ಕೇಳಿಸ್ತು," ಅಂದಳು ಕೊನೆಗೆ. "ನಿನ್ನವಳು."

ಬಾಯಿಂಜುವಿನ ಕೈ ಮೇಜಿನ ಮೇಲಿತ್ತು, ಅದು ತನ್ನದೇ ಎಂದು ಅವನಿಗೆ ಅನಿಸಲಿಲ್ಲ.

"ಅಳ್ತಾಳೆ, ಅಳ್ತಾಳೆ ಅಂತ ಊರೆಲ್ಲ ಹೇಳ್ತಿದ್ರಲ್ಲ, ನಾನು ಹುಟ್ಟಿದಾಗಿಂದ ಅಳೋಳಿಗೇ ಕಾಯ್ತಿದ್ದೆ. ಅದಕ್ಕೇ ಸಿಕ್ಕಿಲ್ಲ ಅನ್ಸುತ್ತೆ." ಅವಳು ತಿರುಗಿದಳು. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಅವಳು ಅಳ್ತಿರಲಿಲ್ಲ ಕಣೋ. ನಗು ತಡ್ಕೊಂಡಿದ್ಲು."

ಮಧ್ಯಾಹ್ನದಿಂದ ಹಿಡಿದಿಟ್ಟದ್ದು ಆಗ ಒಡೆಯಿತು. ಬಾಯಿಂಜು ಮೇಜಿನ ಮೇಲೆ ತಲೆಯಿಟ್ಟು ಹೆಗಲು ಕುಲುಕುವ ಹಾಗೆ ನಗತೊಡಗಿದ. ಮಿಕ್ಕೆಲಾ ಅದನ್ನು ಅಳು ಎಂದುಕೊಂಡಳು. ಸೌಟು ಕೆಳಗಿಟ್ಟು, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಬಂದು ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಅದು ನಗು ಎಂದು ಅವನು ಹೇಳಲಿಲ್ಲ.